ಗಂಗೋತ್ರಿಯ ರಂಗ ಊರಿಗೆ ಎಷ್ಟು ದೂರ?

ದಸರೆಗೆ ಮುಂಚೆ ಯುವ ಸಂಭ್ರಮ ಬಂತೆಂದರೆ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರ ತುಂಬಿ ತುಳುಕುತ್ತದೆ. ಕಾಲೇಜು ಹುಡುಗ-ಹುಡುಗಿಯರ ಕುಣಿತ, ಪುಕ್ಕಟೆ ಪ್ರವೇಶ. ಜನ ಬಾರದೆ ಇರ್ತಾರೆಯೇ?

ಹಬ್ಬ ಮುಗಿದ ಮೇಲೆ? ಕ್ಯಾಂಪಸ್ಸಿನಲ್ಲಿ ನಾಟಕ, ಉಪನ್ಯಾಸ, ಚಿತ್ರಪ್ರದರ್ಶನ ನಡೆದರೂ ಅಗ್ರಹಾರದ ಅಂಗಡಿಯವರಿಗೆ ಗೊತ್ತಾಗೋದು ಮಾರನೇ ದಿನ, ಪತ್ರಿಕೆಯ ಫೋಟೋ ನೋಡಿ! ಕಾರ್ಯಕ್ರಮ ಪಟ್ಟಿ ವಿಭಾಗದ ನೋಟೀಸ್ ಬೋರ್ಡಿನಲ್ಲೇ ಉಳಿದರೆ ಇನ್ನೇನಾದೀತು?

ಇದೇ ವಿಶ್ವವಿದ್ಯಾನಿಲಯ ಹಿಂದೆ ಪ್ರಚಾರೋಪನ್ಯಾಸಗಳನ್ನು ಹಳ್ಳಿಗೆ ಒಯ್ದು, ಅಗ್ಗದ ಕಿರುಪುಸ್ತಕವಾಗಿ ಮಾರಿತ್ತು. 1960ರಲ್ಲಿ ಗಂಗೋತ್ರಿ ಕಟ್ಟಿಸಿದ ಉಪಕುಲಪತಿ ಕುವೆಂಪು ಕೂಡ ಕನ್ನಡದಲ್ಲೇ ಜ್ಞಾನ ಜನರಿಗೆ ಮುಟ್ಟಲಿ ಎಂದವರು.

ಈಗ ಹಳ್ಳಿಗೆ ಹೋಗೋದೂ ಬೇಡ. ಬಸ್ ಸ್ಟ್ಯಾಂಡಿನಲ್ಲೊಂದು ಬೋರ್ಡು, ಆಟ ಬಿಟ್ಟ ಮೇಲೆ ವಾಪಸಾಗಲು ಒಂದು ಸಿಟಿ ಬಸ್ಸು. ಇಷ್ಟಾದರೆ ಜನ ಬರ್ತಾರೆ. ಇಲ್ಲದಿದ್ದರೆ ಬಯಲು ರಂಗಕ್ಕೂ ಬಾಗಿಲು ಹಾಕಿದಂತೆಯೇ ಸೈ.