ಬಿಸಿಲಿಗೂ ಮಾಲಕರು ಹುಟ್ಟಿಕೊಳ್ಳದಿರಲಿ

ಬಿಸಿಲು, ನೀರು ಮತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ಹಸಿರೆಲೆಯು ಆಹಾರ ತಯಾರಿಸುತ್ತದೆ. ಎಲೆಯ ಈ ವಿದ್ಯೆಯನ್ನು ಅನುಕರಿಸಿ ಇಂಧನ ಪಡೆಯಬಹುದೆಂದು ಇಟಲಿಯ ರಸಾಯನ ವಿಜ್ಞಾನಿ ಜಿಯಾಕೊಮೊ ಚಾಮಿಚಿಯನ್ 1912ರಲ್ಲೇ ಹೇಳಿದ್ದರು. ಬರಡು ನೆಲದಲ್ಲಿ ಹೊಗೆಯಿಲ್ಲದ ಕೈಗಾರಿಕೆಗಳು ತಲೆಯೆತ್ತುವುದು ಅವರ ಕನಸಾಗಿತ್ತು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ, ಬೆಳಕಿನ ನೆರವಿನಿಂದ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಬಹುದೆಂದು ತೋರಿಸಿಕೊಟ್ಟರು. ಈ ಹೈಡ್ರೋಜನ್ ಉರಿದಾಗ ಇಂಗಾಲದ ಹೊಗೆಯಿಲ್ಲ, ಉಳಿಯುವುದು ನೀರು. ಇದಕ್ಕೆ ಕೃತಕ ದ್ಯುತಿಸಂಶ್ಲೇಷಣೆ ಎಂದು ಹೆಸರು.

ಹಾಗಿದ್ದರೂ ಅದೇಕೆ ಇನ್ನೂ ನಮ್ಮ ಅಡುಗೆಮನೆಗೆ ತಲುಪಿಲ್ಲ? ದಾರಿ ಕಠಿಣವಾಗಿದೆ ಎಂಬುದು ನಿಜ. 2021ರಲ್ಲಿ ಜಪಾನಿನ ಸಂಶೋಧಕರು 100 ಚದರ ಮೀಟರ್ ಫಲಕಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಬಿಸಿಲಿನ ಶಕ್ತಿಯ ಗರಿಷ್ಠ ಶೇ. 0.76 ಭಾಗ ಮಾತ್ರ ಹೈಡ್ರೋಜನ್ ಆಯಿತು. ಆದರೆ ತೊಡಕು ಪ್ರಯೋಗಾಲಯದಲ್ಲಿ ಮಾತ್ರವಿಲ್ಲ. 2011ರಲ್ಲಿ ಅಮೇರಿಕದ ಡೇನಿಯಲ್ ನೊಸೆರಾ 'ಕೃತಕ ಎಲೆ'ಯನ್ನು ಪ್ರಕಟಿಸಿದಾಗ, ಬಡರಾಷ್ಟ್ರಗಳ ಪ್ರತಿ ಮನೆಯೂ ತನ್ನದೇ ವಿದ್ಯುತ್ ಕೇಂದ್ರವಾಗಬೇಕೆಂದು ಆಶಿಸಿದ್ದರು. ಅವರ ಕಂಪೆನಿಯಲ್ಲಿ ನಮ್ಮ ಟಾಟಾ ಸಮೂಹವೂ ಹಣ ಹೂಡಿತ್ತು. ಮರುವರ್ಷವೇ, ವೆಚ್ಚ ದುಬಾರಿಯೆಂದು ಕಂಪೆನಿಯು ಎಲೆಯನ್ನು ಬದಿಗಿರಿಸಿತು. 2014ರಲ್ಲಿ ಶಸ್ತ್ರಾಸ್ತ್ರ ತಯಾರಕ ಲಾಕ್‌ಹೀಡ್ ಮಾರ್ಟಿನ್ ಆ ಕಂಪೆನಿಯನ್ನು ಖರೀದಿಸಿತು. ಅದಕ್ಕೆ ಬೇಕಿದ್ದುದು ಬಡವನ ಮನೆಯ ಎಲೆಯಲ್ಲ, ಬ್ಯಾಟರಿ ತಂತ್ರಜ್ಞಾನ. ಲಾಭವೊಂದೇ ಮಾನದಂಡವಾದಾಗ ಬಡವನ ಕನಸು ಮೊದಲು ಬಲಿಯಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ತನಗೆ ಬೇಕಾದ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡುವ ಭಾರತಕ್ಕೆ ಈ ಪಾಠ ಮುಖ್ಯ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ವಿಜ್ಞಾನಿಗಳಿಗೂ ಬರವಿಲ್ಲ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರಂಥ ಹಿರಿಯರೇ ಈ ವಿಷಯದಲ್ಲಿ ಸಂಶೋಧನೆ ನಡೆಸಿದ್ದಾರೆ. ಆದರೆ ಕೇಂದ್ರ ಸರಕಾರವು 2023ರ ಜನವರಿಯಲ್ಲಿ ಮಂಜೂರು ಮಾಡಿದ ಹಸಿರು ಹೈಡ್ರೋಜನ್ ಯೋಜನೆಯ ಲೆಕ್ಕ ನೋಡಿ. ಒಟ್ಟು 19,744 ಕೋಟಿ ರೂಪಾಯಿಯಲ್ಲಿ 17,490 ಕೋಟಿ ತಯಾರಕರಿಗೆ ಪ್ರೋತ್ಸಾಹಧನ, ಸಂಶೋಧನೆಗೆ ಕೇವಲ 400 ಕೋಟಿ!

ಉದ್ಯಮಕ್ಕೆ ನೆರವು ತಪ್ಪಲ್ಲ. ಆದರೆ ಬೀಜಕ್ಕೆ ನೀರೆರೆಯದೆ ಫಲ ನಿರೀಕ್ಷಿಸುವುದು ವಿವೇಕವಲ್ಲ. ಸರಕಾರವು ಸಂಶೋಧನೆಯ ಪಾಲನ್ನು ಹೆಚ್ಚಿಸಲಿ. ಜನರ ತೆರಿಗೆಯಿಂದ ದೊರೆತ ಜ್ಞಾನವು ಜನರ ಸೊತ್ತಾಗಿಯೇ ಉಳಿಯುವಂತೆ ಶರತ್ತು ವಿಧಿಸಲಿ. ಸಿಲಿಂಡರಿನ ಬೆಲೆ ಏರಿದಾಗಲೆಲ್ಲ ಮರಳಿ ಸೌದೆಯ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವ ತಾಯಂದಿರಿದ್ದಾರೆ. ಅವರ ಅಂಗಳಕ್ಕೆ ಬಿಸಿಲು ಪುಕ್ಕಟೆಯಾಗಿಯೇ ಬರುತ್ತಿದೆ. ಅದರಿಂದ ತಯಾರಾಗುವ ಇಂಧನವೂ ಅವರ ಕೈಗೆಟಕುವಂತಿರಬೇಕು.