ಪಾಲಿಶ್ ಮಷೀನಿನ ಸಣ್ಣ ಭಾಗಗಳು: ಅವಘಡಕ್ಕೆ ಮುನ್ನ ಎಚ್ಚರ

ಕಾರಿಗೆ ಮಷೀನ್ ಪಾಲಿಶ್ ಮಾಡಿಸುವುದು ಈಗ ಬೆಂಗಳೂರಿಗಷ್ಟೇ ಸೀಮಿತವಾದ ಸಂಗತಿಯಲ್ಲ. ತಾಲ್ಲೂಕು ಕೇಂದ್ರದ ವಾಟರ್ ಸರ್ವಿಸ್ ಅಂಗಡಿಗಳಲ್ಲೂ ‘ರಬ್ಬಿಂಗ್, ಪಾಲಿಶಿಂಗ್, ಸೆರಾಮಿಕ್ ಕೋಟಿಂಗ್’ ಎಂಬ ಬೋರ್ಡು ಕಾಣಿಸುತ್ತಿದೆ. ಹುಡುಗರಿಗೆ ಕೆಲಸ ಸಿಗುತ್ತಿದೆ, ಸಂತೋಷ. ಆದರೆ ಮಷೀನು ಕೊಳ್ಳುವಾಗಿನ ಉತ್ಸಾಹ ಅದರ ಪ್ಯಾಡ್ ಕೂರಿಸುವ ಪ್ಲೇಟು, ಕಾರ್ಬನ್, ವೈರು ನೋಡಿಕೊಳ್ಳುವಾಗ ಉಳಿಯುತ್ತಿಲ್ಲ. ದೊಡ್ಡ ಅನಾಹುತ ಸುದ್ದಿಯಾಗುವ ಮೊದಲೇ ಈ ಮಾತು ಹೇಳಬೇಕಾಗಿದೆ.

ಮೊದಲ ಅಪಾಯ ಗ್ರೈಂಡರಿನದು. ಪಾಲಿಶಿಗೆಂದೇ ಮಾಡಿದ ರೋಟರಿ ಮಷೀನು ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3,000 ಸುತ್ತು ತಿರುಗುತ್ತದೆ. ಕಬ್ಬಿಣ ಉಜ್ಜುವ ಸಣ್ಣ ಗ್ರೈಂಡರಿನ ವೇಗ 11,000 ಸುತ್ತಿನ ಆಸುಪಾಸು. 125 ಮಿಲಿಮೀಟರಿನ ಪ್ಲೇಟು 3,000 ಸುತ್ತಿನಲ್ಲಿದ್ದಾಗ ಅದರ ಅಂಚು ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತದೆ. ದುಡ್ಡು ಉಳಿಸಲು ಅದನ್ನೇ ಗ್ರೈಂಡರಿಗೆ ಹಾಕಿದರೆ ಆ ವೇಗ 260 ಕಿಲೋಮೀಟರ್ ಆಗುತ್ತದೆ. ಪಾಲಿಶ್ ಪ್ಲೇಟು ತಾಳುವ ವೇಗ ಅದಲ್ಲ. ಪ್ಲೇಟಿನ ಮೇಲೆ ಅಚ್ಚಾದ ಗರಿಷ್ಠ ಸುತ್ತಿನ ಸಂಖ್ಯೆ ಮಷೀನಿನದಕ್ಕಿಂತ ಕಡಿಮೆಯಿದ್ದರೆ ಅದನ್ನು ಹಾಕಲೇಬಾರದು. ಸಂಖ್ಯೆಯೇ ಇಲ್ಲದ ಪ್ಲೇಟನ್ನು ಕೊಳ್ಳಲೇಬಾರದು.

ಎರಡನೆಯದು ಥ್ರೆಡ್. ನಮ್ಮಲ್ಲಿ ಬಳಕೆಯಲ್ಲಿರುವ ರೋಟರಿ ಮಷೀನುಗಳ ಸ್ಪಿಂಡಲ್ ಹೆಚ್ಚಾಗಿ ಎಂ14, ಅಂದರೆ 14 ಮಿಲಿಮೀಟರ್ ದಪ್ಪ, 2 ಮಿಲಿಮೀಟರ್ ಪಿಚ್. ಅಮೆರಿಕದ ಅಳತೆ 5/8 ಇಂಚು, ಇಂಚಿಗೆ 11 ಥ್ರೆಡ್. ಆನ್‌ಲೈನಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಮಾರಾಟಕ್ಕಿವೆ. 5/8 ಇಂಚಿನ ಪ್ಲೇಟನ್ನು ಎಂ14 ಸ್ಪಿಂಡಲ್ಲಿಗೆ ತಿರುಗಿಸಿದರೆ ಸಡಿಲವಾಗಿ ಏರಿ ಕೂತಂತೆ ಕಾಣಬಹುದು, ಹಿಡಿತ ಮಾತ್ರ ಇರುವುದಿಲ್ಲ. ಪ್ಲೇಟು ಕೈಯಲ್ಲೇ ಸಲೀಸಾಗಿ ಕೊನೆಯವರೆಗೆ ಹೋಗಿ, ಅಲುಗಾಡದೆ ಕೂರಬೇಕು. ನೂಲು ಸುತ್ತಿ, ಟೇಪು ಹಚ್ಚಿ ಬಿಗಿ ಮಾಡುವ ಜಾಣತನ ಇಲ್ಲಿ ಸಲ್ಲದು.

ಡ್ಯುಯಲ್ ಆಕ್ಷನ್ ಮಷೀನಿನ ಕಥೆಯೇ ಬೇರೆ. ಪ್ಲೇಟು ತಿರುಗುತ್ತಲೇ 8, 15 ಅಥವಾ 21 ಮಿಲಿಮೀಟರಿನಷ್ಟು ಓಲಾಡುವುದರಿಂದ, ಅದನ್ನು ಸರಿದೂಗಿಸಲು ಒಳಗೊಂದು ತೂಕದ ಗುಂಡು ಇರುತ್ತದೆ. ಆ ಗುಂಡನ್ನು ಹೊಂದಿಸಿರುವುದು ಕಂಪನಿ ಕೊಟ್ಟ ಪ್ಲೇಟಿನ ತೂಕಕ್ಕೆ. ಸಿಕ್ಕಿದ ಪ್ಲೇಟು ಹಾಕಿದರೆ ಮಷೀನು ನಡುಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಆ ನಡುಕವನ್ನು ದಿನವಿಡೀ ಹಿಡಿದ ಕೈಗೆ ಜೋಮು ಹಿಡಿಯುತ್ತದೆ. ಅದು ವರ್ಷಗಟ್ಟಲೆ ಮುಂದುವರಿದರೆ ಚಳಿಗೆ ಬೆರಳ ತುದಿಗೆ ರಕ್ತದ ಹರಿವು ನಿಂತು ಬಿಳಿಚಿಕೊಳ್ಳುವ ಕಾಯಿಲೆ ಬರಬಹುದು. ಐರೋಪ್ಯ ಒಕ್ಕೂಟ 2002ರಲ್ಲೇ ಕೈಗೆ ತಾಗುವ ಕಂಪನಕ್ಕೆ ಕಾನೂನಿನ ಮಿತಿ ಗೊತ್ತುಮಾಡಿತು. ಇಲ್ಲಿ ನಡುಕ ಹೊಸದಾಗಿ ಶುರುವಾದರೆ ಕೆಲಸ ನಿಲ್ಲಿಸುವಷ್ಟಾದರೂ ರೂಢಿ ಬರಲಿ. ಪ್ಯಾಡನ್ನು ಪ್ಲೇಟಿಗೆ ಅಂಟಿಸುವ ವೆಲ್ಕ್ರೋ ವಿಷಯದಲ್ಲೂ ಎಚ್ಚರ ಬೇಕು. ಬಿಸಿಗೆ ಕೊಕ್ಕೆಗಳು ಕರಗಿ ನುಣುಪಾದ ಪ್ಲೇಟು ಪ್ಯಾಡನ್ನು ಹಿಡಿದುಕೊಳ್ಳುವುದಿಲ್ಲ.

ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಜೋಡಿ ಕಾರ್ಬನ್ ಬ್ರಷ್ ಸವೆಯಲೆಂದೇ ಇರುವ ಭಾಗ. ಗಾಳಿಕಿಂಡಿಯಲ್ಲಿ ಕಿಡಿ ಹೆಚ್ಚಾಗುವುದು, ಸುಟ್ಟ ವಾಸನೆ, ಆಗಾಗ ನಿಂತು ಓಡುವುದು ಇವೆಲ್ಲ ಅದು ಮುಗಿಯುತ್ತಿರುವ ಲಕ್ಷಣ. ಎರಡನ್ನೂ ಒಟ್ಟಿಗೆ, ಆ ಮಾಡೆಲಿನದನ್ನೇ ಬದಲಿಸಬೇಕು. ಇನ್ನೂ ಓಡುತ್ತಿದೆಯಲ್ಲ ಎಂದು ಬಿಟ್ಟರೆ ಆರ್ಮೇಚರ್ ಕೆಡುತ್ತದೆ. ಬೆಂಕಿಯ ಭಯ ಅದಕ್ಕಿಂತ ದೊಡ್ಡದು. ಕೋಟಿಂಗಿಗೆ ಮೊದಲು ಬಾಡಿ ಒರೆಸುವ ಐಸೋಪ್ರೊಪೈಲ್ ಆಲ್ಕೋಹಾಲಿನ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ನಮ್ಮೂರುಗಳ ಚಳಿಗಾಲದ ಮಧ್ಯಾಹ್ನವೂ ಅದಕ್ಕಿಂತ ಬೆಚ್ಚಗಿರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಆಲ್ಕೋಹಾಲು, ಥಿನ್ನರ್ ತೆರೆದಿಟ್ಟು ಮಷೀನು ಓಡಿಸುವುದನ್ನು ಇಂದೇ ನಿಲ್ಲಿಸಬೇಕು.

ಇನ್ನು ಕರೆಂಟಿನ ಅಪಾಯ. ಪಕ್ಕದಲ್ಲೇ ಕಾರು ತೊಳೆಯುವ ಒದ್ದೆ ನೆಲ. ಮಷೀನಿನ ಬುಡದಲ್ಲಿ ವೈರು ಮಡಿಚಿ ಬಿರಿದರೆ ಇನ್ಸುಲೇಶನ್ ಟೇಪು ಸುತ್ತಿ ಮುಂದುವರಿಸುವುದು ಜೀವದ ಜೊತೆಗಿನ ಜೂಜು. ವೈರನ್ನೂ ಅದರ ರಬ್ಬರ್ ತೋಳನ್ನೂ ಬದಲಿಸಬೇಕು. ಕೆಲಸದ ಲೈನಿಗೆ, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಲೇಬೇಕು.

ಇದನ್ನೆಲ್ಲ ನೋಡುವವರು ಯಾರು? 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಮೂರ್ನಾಲ್ಕು ಹುಡುಗರ ಪಾಲಿಶ್ ಅಂಗಡಿ ಯಾವ ಲೆಕ್ಕದಲ್ಲೂ ಕಾರ್ಖಾನೆಯಲ್ಲ. ಹಾಗಾಗಿ ಹೊಣೆ ಮೊದಲು ಮಾಲೀಕರದು. ದಿನದ ಕೆಲಸಕ್ಕೆ ಮುನ್ನ ಪ್ಲಗ್ ಕಿತ್ತು ಪ್ಲೇಟು, ವೆಲ್ಕ್ರೋ, ವೈರು ನೋಡುವುದು, ಕಣ್ಣಿಗೆ ಕನ್ನಡಕ ಕೊಡುವುದು, ಬಿಡಿಭಾಗಕ್ಕೆಂದು ತಿಂಗಳಿಗಿಷ್ಟು ಹಣ ತೆಗೆದಿಡುವುದು ಅವರ ಕರ್ತವ್ಯ. ಬೆಂಗಳೂರಿನ ಎಸ್‌.ಪಿ. ರಸ್ತೆಯ, ಜೆ.ಸಿ. ರಸ್ತೆಯ ಅಂಗಡಿಯವರು ಪ್ಲೇಟು ಕೊಡುವಾಗ ಯಾವ ಮಷೀನಿಗೆ, ಯಾವ ಥ್ರೆಡ್ಡಿಗೆ ಎಂದು ಕೇಳಲಿ. ಸರ್ಕಾರ ಪ್ರತಿ ಜಿಲ್ಲೆಯ ಐಟಿಐಯಲ್ಲಿ ಈ ಹುಡುಗರಿಗೆ ಒಂದು ದಿನದ ಉಚಿತ ತರಬೇತಿ ಇಡಲಿ. ಕಲಿಸಬಲ್ಲವರು ಅಲ್ಲಿದ್ದಾರೆ, ಆದೇಶವೊಂದೇ ಬಾಕಿ. ಒಬ್ಬ ಹುಡುಗನ ಕಣ್ಣು ಹೋದ ಮೇಲೆ ಹೊರಡುವ ಆದೇಶದಿಂದ ಅವನಿಗೆ ಪ್ರಯೋಜನವಿಲ್ಲ.