ಗಣಕಯಂತ್ರದ ಸೋನಾಮುಖಿ, ಹೊಲದ ಸೋನಾಮುಖಿ



“ಈ ಗಿಡದ ಗುಣ ಗಣಕಯಂತ್ರದಲ್ಲಿ ರುಜುವಾತಾಗಿದೆ, ಎಕರೆಗಟ್ಟಲೆ ಹಾಕಿ” ಎಂದು ಯಾರಾದರೂ ಬೀಜ ಮಾರಲು ಬಂದರೆ ದಯವಿಟ್ಟು ಅವಸರ ಪಡಬೇಡಿ. ಸೋನಾಮುಖಿಯನ್ನೇ ನೋಡಿ. ನೆಲಾವರಿಕೆ ಎಂದೂ ಕರೆಯುವ ಇದು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಹೆಸರಾಂತ ಬೆಳೆ. ಇದರ ಎಲೆ ಮತ್ತು ಕಾಯಿ ಮಲಬದ್ಧತೆಗೆ ಔಷಧಿ.

ಗಣಕಯಂತ್ರದಲ್ಲಿ ನಡೆಯುವುದು ಇಷ್ಟೆ: ಗಿಡದ ರಾಸಾಯನಿಕವೊಂದರ ಅಣುವನ್ನು ದೇಹದ ಪ್ರೋಟೀನೊಂದರ ಕುಳಿಯಲ್ಲಿ ಕೂರಿಸಿ, ಎಷ್ಟು ಬಿಗಿಯಾಗಿ ಕೂರುತ್ತದೆಂದು ಲೆಕ್ಕ ಹಾಕುತ್ತಾರೆ. ಬೀಗಕ್ಕೆ ಕೀಲಿಕೈ ಹೊಂದಿಸಿ ನೋಡಿದಂತೆ. ನೂರಾರು ರಾಸಾಯನಿಕಗಳಲ್ಲಿ ಯಾವ ನಾಲ್ಕನ್ನು ಮೊದಲು ಪರೀಕ್ಷಿಸಬೇಕೆಂದು ತಿಳಿಯಲು ಇದು ಒಳ್ಳೆಯ ಸಾಧನ. ನಾನು ಅದರ ವಿರೋಧಿಯಲ್ಲ.

ಆದರೆ ಸೋನಾಮುಖಿಯ ಸೆನ್ನೊಸೈಡು ಎಲೆಯಲ್ಲಿರುವ ರೂಪದಲ್ಲೇ ಕೆಲಸ ಮಾಡುವುದಿಲ್ಲ. ಅದು ಸಣ್ಣ ಕರುಳನ್ನು ಹೆಚ್ಚು ಕಡಿಮೆ ಹಾಗೆಯೇ ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ರೈನ್ ಆಂತ್ರೋನ್ ಎಂಬ ವಸ್ತುವನ್ನು ಮಾಡುತ್ತವೆ. ಕರುಳನ್ನು ಚುರುಕುಗೊಳಿಸುವುದು ಇದೇ. ಕರುಳಿನಿಂದ ದೇಹಕ್ಕೆ ನೀರು ಹೀರಲು ಜೀವಕೋಶಗಳಲ್ಲಿ ತೂಬಿನಂತಹ ಪ್ರೋಟೀನುಗಳಿವೆ. 2014ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ, ಈ ಔಷಧಿಯಿಂದ ಅಂತಹ ಒಂದು ಬಗೆಯ ತೂಬು ಕಡಿಮೆಯಾದದ್ದು ಕಂಡುಬಂತು. ನೀರು ಮಲದಲ್ಲೇ ಉಳಿಯುತ್ತದೆ. ಇಷ್ಟೆಲ್ಲಾ ಆಗಲು 6ರಿಂದ 12 ಗಂಟೆ ಬೇಕು. ನಮ್ಮ ಅಜ್ಜಿ ರಾತ್ರಿಯೇ ಕಷಾಯ ಕುಡಿಸುತ್ತಿದ್ದುದು ಸುಮ್ಮನೆ ಅಲ್ಲ!

ಹಾಗಿರುವಾಗ ಸೆನ್ನೊಸೈಡನ್ನೇ ನೇರವಾಗಿ ಕುಳಿಯಲ್ಲಿ ಕೂರಿಸಿ ಬಂದ ಅಂಕಿ ಎಷ್ಟು ಚೆನ್ನಾಗಿದ್ದರೇನು? ಕೀಲಿಕೈಯೇ ಬೇರೆ. ಬ್ಯಾಕ್ಟೀರಿಯಾಗಳ ಪಾಲನ್ನು ಸೇರಿಸಿಕೊಳ್ಳದ ಲೆಕ್ಕವನ್ನು ರುಜುವಾತು ಎನ್ನಲು ನಾನು ಒಪ್ಪಲಾರೆ.

ಇನ್ನು ನಿಮ್ಮ ಹೊಲದ ಮಾತು. ಎಲೆಯ ಬೆಲೆ ನಿಲ್ಲುವುದು ಅದರಲ್ಲಿರುವ ಸೆನ್ನೊಸೈಡಿನ ಶೇಕಡಾ ಪ್ರಮಾಣದ ಮೇಲೆ. ಎಲೆ ಬಲಿತಷ್ಟೂ ಅದು ಇಳಿಯುತ್ತದೆ. ಹೂಗೊಂಚಲು ಚಿವುಟಿದರೆ ಎಲೆ ಹೆಚ್ಚು ಬರುತ್ತದೆ. ಬುಡದಲ್ಲಿ ನೀರು ನಿಂತರೆ ಗಿಡ ಉಳಿಯದು, ಎರೆ ಭೂಮಿಯವರು ಇದನ್ನು ಮರೆಯಬಾರದು. ಕೊಯ್ದ ಎಲೆಯನ್ನು ನೆರಳಿನಲ್ಲಿ ತೆಳುವಾಗಿ ಹರಡಿ, ಹಸಿರು ಕೆಡದಂತೆ ಒಣಗಿಸಿ. ಮಳೆಗೆ ಸಿಕ್ಕಿ ಕಪ್ಪಾದ ಎಲೆಯನ್ನು ಯಾವ ಗಣಕಯಂತ್ರವೂ ಮಾರಿಕೊಡುವುದಿಲ್ಲ.

ಮನೆಯಲ್ಲಿ ಬೆಳೆದದ್ದೆಂದು ದಿನವೂ ಕುಡಿಯುವುದೂ ಬೇಡ. ವಾರಕ್ಕಿಂತ ಹೆಚ್ಚು ಬೇಕಾದರೆ, ಗರ್ಭಿಣಿಯರಾದರೆ ಮೊದಲೇ, ವೈದ್ಯರನ್ನು ಕೇಳಿ.

ಬೀಜ ಕೊಳ್ಳುವ ಮುನ್ನ ಮಾರಲು ಬಂದವರಿಗೆ ಎರಡು ಪ್ರಶ್ನೆ ಹಾಕಿ: ಎಲೆಯಲ್ಲಿ ಸೆನ್ನೊಸೈಡು ಎಷ್ಟಿದ್ದರೆ ಕೊಳ್ಳುತ್ತೀರಿ, ಯಾವ ದರಕ್ಕೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.